ಶುರು ಮಾಡಲು ಬಾಗಿಲು ಹತ್ತು, ಬೆಳೆಸಲು?

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲೋ ಕುಮಟಾದಲ್ಲೋ ಒಬ್ಬರಿಗೆ ಸಣ್ಣ ಉದ್ದಿಮೆ ಮಾಡುವ ಮನಸ್ಸಾಯಿತು ಅಂದುಕೊಳ್ಳಿ. ಕೇಳಲು ಜಾಗಕ್ಕೆ ಕೊರತೆಯಿಲ್ಲ. ಕಾರವಾರದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ. ಕುಮಟಾದಲ್ಲಿ, ಹಳಿಯಾಳದಲ್ಲಿ ಬ್ಯಾಂಕಿನ ಆರ್‌ಸೆಟಿ, ಅಂದರೆ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಇದೆ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಧಾರವಾಡದ ಉದ್ಯಮಶೀಲತಾ ಕೇಂದ್ರ ಸಿಡಾಕ್ ತರಬೇತಿ ಕೊಡುತ್ತದೆ. ಪಂಚಾಯ್ತಿ ಮಟ್ಟದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ ಇದೆ. ಇದರ ಜೊತೆಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವ ಖಾಸಗಿ ಕನ್ಸಲ್ಟೆಂಟರೂ ಇದ್ದಾರೆ.

ಆದರೆ ನಾಲ್ಕು ವರ್ಷದಿಂದ ಉದ್ದಿಮೆ ನಡೆಸುತ್ತಿರುವವರು ‘ಇದನ್ನು ಸ್ವಲ್ಪ ದೊಡ್ಡದು ಮಾಡ್ಬೇಕು, ಹೇಗೆ?’ ಎಂದು ಕೇಳಿಕೊಂಡು ಹೊರಟರೆ, ಇದೇ ಬಾಗಿಲುಗಳಲ್ಲಿ ಸಿಗುವುದು ಹೊಸಬರಿಗೆ ಕೊಡುವ ಉತ್ತರವೇ. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ತೋಟಿಗರು ಮುಂಗಡ ಸಾಲ ಕೊಟ್ಟ ವ್ಯಾಪಾರಿಗೇ ಅಡಿಕೆ ಹಾಕಬೇಕಿತ್ತು, ಅವನು ಹೇಳಿದ್ದೇ ದರ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಈಗಿನ ಟಿಎಸ್‌ಎಸ್, ಹುಟ್ಟಿತು. ಅದನ್ನು ಬೆಳೆಸಿದವರಲ್ಲಿ ಕಡವೆ ಶ್ರೀಪಾದರಾವ್ ಹೆಗಡೆಯವರ ಹೆಸರನ್ನು ಇಲ್ಲಿನವರು ಈಗಲೂ ಗೌರವದಿಂದ ಹೇಳುತ್ತಾರೆ. ಸಂಘವನ್ನು ಯಾರೂ ‘ಸಲಹಾ ಸಂಸ್ಥೆ’ ಎಂದು ಕರೆಯಲಿಲ್ಲ. ಆದರೆ ಅದು ಮಾಡಿದ್ದು ಅದೇ ಕೆಲಸ.

ಅಡಿಕೆಯಲ್ಲಿ ಸಲಹೆ ಅಂದರೆ ಏನು ಅಂತ ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ಕಾಯಿ ಹಸಿರಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಮರದಲ್ಲೇ ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಕೆಂಪಡಿಕೆಗೆ ಕೊಯ್ಲಿನ ಹೊತ್ತಿಗೇ ಸುಲಿಯುವ ಆಳು, ಕಟ್ಟಿಗೆ, ಬೇಯಿಸುವ ವ್ಯವಸ್ಥೆ ಎಲ್ಲಾ ಬೇಕು. ಚಾಲಿಗೆ ಅಷ್ಟು ಗಡಿಬಿಡಿ ಇಲ್ಲ, ದುಡ್ಡು ಬರುವುದು ಮಾತ್ರ ತಡ. ಈ ವರ್ಷ ಎಷ್ಟನ್ನು ಕೆಂಪಿಗೆ ಕೊಯ್ಯಬೇಕು, ಎಷ್ಟನ್ನು ಹಣ್ಣಿಗೆ ಬಿಡಬೇಕು ಎನ್ನುವುದು ಪ್ರತಿ ತೋಟಿಗನ ವ್ಯಾಪಾರದ ಲೆಕ್ಕ. ಆ ಲೆಕ್ಕಕ್ಕೆ ಬೇಕಾದ ಸುದ್ದಿ ಸಿಗುತ್ತಿದ್ದದ್ದು ಸಂಘದ ಅಂಗಳದಲ್ಲಿ. ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ, ಚಾಲಿ ಅಂತ ಬೇರೆ ಬೇರೆ ಗುಡ್ಡೆ. ವ್ಯಾಪಾರಿಗಳು ಬಂದು ಕೈಯಲ್ಲಿ ಹಿಡಿದು ನೋಡಿ ಟೆಂಡರ್ ಬರೆಯುತ್ತಾರೆ. ಪಕ್ಕದ ಗುಡ್ಡೆಗಿಂತ ತನ್ನದಕ್ಕೆ ದರ ಯಾಕೆ ಕಡಿಮೆ ಬಂತು ಅಂತ ತೋಟಿಗ ಅಲ್ಲೇ ಕೇಳಬಹುದು. ಸಾಲ ಕೊಡುವುದೂ ಸಂಘ, ಮಾರಿಕೊಡುವುದೂ ಸಂಘ. ಮಾರಾಟದ ಮೇಲೆ ಅದಕ್ಕೆ ಕಮಿಷನ್. ಸದಸ್ಯನಿಗೆ ದರ ಜಾಸ್ತಿ ಬಂದರೆ ಸಂಘಕ್ಕೂ ಜಾಸ್ತಿ. ಸಲಹೆ ಕೊಡುವವರ ಹೊಟ್ಟೆಪಾಡು ಸಲಹೆ ಪಡೆದವರ ಮಾರಾಟಕ್ಕೆ ಹೀಗೆ ಕಟ್ಟಿಕೊಂಡಿತ್ತು.

ಆಮೇಲಿನ ದಶಕಗಳಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು, ಕಾಳಿ ನದಿಗೆ ಅಣೆಕಟ್ಟುಗಳು ಬಂದವು.

ಅದೇ ಹೊತ್ತಿಗೆ ದೂರದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಾಂಡ್ 1964ರ ಸುಮಾರಿಗೆ ಆಂಧ್ರದ ಕರಾವಳಿಯ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿದರು. ಸಾಧಿಸುವ ಛಲವನ್ನು ಕಲಿಸಬಹುದೇ ಎನ್ನುವುದು ಅವರ ಪ್ರಶ್ನೆ. ನಮ್ಮ ದೇಶದ ಉದ್ಯಮಶೀಲತಾ ತರಬೇತಿಯ ಬೇರು ಇಲ್ಲಿದೆ. ಆ ಶಿಬಿರಕ್ಕೆ ಬಂದವರು ಆಗಲೇ ಅಂಗಡಿ, ಗಿರಣಿ, ವ್ಯಾಪಾರ ನಡೆಸುತ್ತಿದ್ದವರು ಅನ್ನುವುದನ್ನು ನೆನಪಿಡಬೇಕು. ಇದ್ದ ವ್ಯವಹಾರವನ್ನು ಅವರು ಬೆಳೆಸುತ್ತಾರಾ ಎಂದು ನೋಡುವುದೇ ಪ್ರಯೋಗವಾಗಿತ್ತು. 1970ರ ನಂತರ ಗುಜರಾತಿನಲ್ಲಿ ಅದೇ ಪಾಠವನ್ನು ಹೊಸ ಉದ್ಯಮಿಗಳನ್ನು ಹುಟ್ಟಿಸಲು ಬಳಸಿದರು. ಅದು ದೇಶಕ್ಕೆಲ್ಲ ಹಬ್ಬಿತು. ತರಬೇತಿಯ ಮುಖ ಬೆಳೆಸುವುದರಿಂದ ಶುರು ಮಾಡುವುದರ ಕಡೆ ತಿರುಗಿದ್ದು ಆಗ.

ಸರ್ಕಾರಕ್ಕೆ ನಿರುದ್ಯೋಗದ್ದೇ ದೊಡ್ಡ ತಲೆನೋವಾಗಿತ್ತು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಬಂದವು. 1979ರಲ್ಲಿ ಹಳ್ಳಿ ಯುವಕರಿಗೆ ಕಸುಬು ಕಲಿಸುವ ಟ್ರೈಸೆಮ್ ಯೋಜನೆ ಬಂತು. ಹೊಲಿಗೆ, ಬಡಗಿ ಕೆಲಸ, ರೇಡಿಯೋ ರಿಪೇರಿ. ತರಬೇತಿ ಮುಗಿದ ಮೇಲೆ ಆ ಹುಡುಗ ಏನಾದ ಎಂದು ನೋಡುವವರು ಕಡಿಮೆ.

ಆ ಕೊರತೆ ತುಂಬಿದ್ದು ನಮ್ಮ ಕರಾವಳಿಯೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದವು. ಊಟ, ವಸತಿ, ಕಲಿಕೆ ಎಲ್ಲಾ ಉಚಿತ. ಕೆಲವು ಕೋರ್ಸು 10 ದಿನ, ಕೆಲವು 30 ದಿನ. ಕಸುಬಿನ ಜೊತೆಗೆ ಧೈರ್ಯವನ್ನೂ ಕಲಿಸುತ್ತಾರೆ. ರಿಂಗ್ ಎಸೆಯುವ ಆಟವೊಂದಿದೆ. ಎಷ್ಟು ದೂರ ನಿಂತು ಎಸೆಯಬೇಕೆಂದು ನೀವೇ ಆರಿಸಬೇಕು. ತೀರಾ ಹತ್ತಿರ ನಿಂತವರಿಗೆ ಅಂಕ ಕಡಿಮೆ, ತೀರಾ ದೂರ ನಿಂತವರ ರಿಂಗು ಬೀಳುವುದೇ ಇಲ್ಲ. ತನ್ನ ಶಕ್ತಿಗೆ ತಕ್ಕ ಅಪಾಯ ಎಷ್ಟು ಅಂತ ಅಳೆಯುವುದನ್ನು ಮೂರು ಗಂಟೆಯ ಭಾಷಣಕ್ಕಿಂತ ಚೆನ್ನಾಗಿ ಆ ಆಟ ಕಲಿಸುತ್ತದೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಬಿಡದೆ ವಿಚಾರಿಸುತ್ತಾರೆ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಜಿಲ್ಲೆಗೊಂದು ಆರ್‌ಸೆಟಿ ಅಂತ ದೇಶಕ್ಕೆಲ್ಲ ತಂದಿತು. ಇದು ಕರಾವಳಿ ಹೆಮ್ಮೆ ಪಡಬೇಕಾದ ಸಂಗತಿ. ಮೊಬೈಲ್ ರಿಪೇರಿ ಅಂಗಡಿಯಿಂದ ಹಿಡಿದು ಟೇಲರಿಂಗ್ ಮಷೀನಿನವರೆಗೆ ಎಷ್ಟೋ ಮನೆಯ ಒಲೆ ಇದರಿಂದ ಉರಿಯುತ್ತಿದೆ.

ಆದರೆ ಎರಡು ವರ್ಷಕ್ಕೆ ಲೆಕ್ಕ ಮುಗಿಯುತ್ತದೆ. ಕಲಿತವರು ‘ನೆಲೆ ನಿಂತರು’ ಅಂತ ಬರೆದುಕೊಂಡ ಮೇಲೆ ಅವರ ಮೂರನೇ ವರ್ಷ, ಐದನೇ ವರ್ಷ ಯಾರ ಪುಸ್ತಕದಲ್ಲೂ ಇಲ್ಲ.

2000–01ರಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗಾಗಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಘಟ್ಟದ ಮೇಲೂ ಕೆಳಗೂ ಸಂಘಗಳಾದವು. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೇನು, ಮುರುಗಲು (ಕೋಕಂ). ಮನೆಯೊಳಗಿದ್ದ ಕೈಚಳಕ ಪೇಟೆಗೆ ಬಂತು. ಕಾರವಾರದ ಕಡೆ ಮಾತ್ರ ಮಾತಿನ ದಿಕ್ಕು ಬೇರೆ. 1986ರಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ, 2000ದಲ್ಲಿ ಕೈಗಾದ ಅಣುವಿದ್ಯುತ್, 2005ರಲ್ಲಿ ಕದಂಬ ನೌಕಾನೆಲೆ. ಭೂಮಿ, ಕಡಲು ಬಿಟ್ಟುಕೊಟ್ಟವರು ಕೇಳಿದ್ದು ಪರಿಹಾರ ಮತ್ತು ಕೆಲಸ. ಅದು ನ್ಯಾಯವೇ. ಅಷ್ಟು ದೊಡ್ಡ ಗಿರಾಕಿ ಪಕ್ಕದಲ್ಲೇ ಬಂದು ಕೂತಾಗ ಅವರಿಗೆ ಮೀನು, ತರಕಾರಿ, ವಾಹನ, ರಿಪೇರಿ ಒದಗಿಸುವ ಸ್ಥಳೀಯ ಉದ್ದಿಮೆಗಳನ್ನು ತಯಾರು ಮಾಡುವ ಮಾತು ಹಿಂದೆ ಬಿತ್ತು.

ಈಗ 2020ಕ್ಕೆ ಬರೋಣ. ಸಣ್ಣ ಆಹಾರ ಘಟಕಗಳಿಗಾಗಿ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಬಂತು. ಉತ್ತರ ಕನ್ನಡಕ್ಕೆ ಆರಿಸಿದ ಉತ್ಪನ್ನ ಸಾಂಬಾರ ಪದಾರ್ಥ. ಕೇಂದ್ರದ ಸಬ್ಸಿಡಿ ಶೇ. 35, ಮಿತಿ 10 ಲಕ್ಷ ರೂಪಾಯಿ. ರಾಜ್ಯ ತನ್ನ ಶೇ. 15 ಸೇರಿಸಿದ್ದರಿಂದ ಇಲ್ಲಿ ಶೇ. 50, 15 ಲಕ್ಷದವರೆಗೆ. ಈಗಾಗಲೇ ನಡೆಯುತ್ತಿರುವ ಘಟಕವನ್ನು ಮೇಲೆತ್ತಬೇಕು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಯೋಜನೆಗಳು ಕಡಿಮೆ. ಕೈಹಿಡಿದು ನಡೆಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನೂ ನೇಮಿಸಿದರು. ಅವರಿಗೆ ಸಂಬಳ ಇಲ್ಲ. ಯೋಜನೆ ಬಂದಾಗಿನ ಮಾರ್ಗಸೂಚಿ ಪ್ರಕಾರ ಸಾಲವೊಂದಕ್ಕೆ 20,000 ರೂಪಾಯಿ. ಅರ್ಧ ಸಾಲ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿ ಎಲ್ಲಾ ಮುಗಿದಾಗ. ಅವರಲ್ಲಿ ಹಗಲು ರಾತ್ರಿ ಓಡಾಡುವವರಿದ್ದಾರೆ, ಅವರಿಲ್ಲದಿದ್ದರೆ ಎಷ್ಟೋ ಫೈಲು ಬ್ಯಾಂಕಿನ ಮೇಜನ್ನೇ ಮುಟ್ಟುತ್ತಿರಲಿಲ್ಲ. ಆದರೆ ದುಡ್ಡು ಸಾಲಕ್ಕೆ ಕಟ್ಟಿಕೊಂಡಿದೆ, ಮಾರಾಟಕ್ಕಲ್ಲ. ಖಾಸಗಿ ಕನ್ಸಲ್ಟೆಂಟರ ಫೀಸೂ ಸಾಮಾನ್ಯವಾಗಿ ರಿಪೋರ್ಟಿಗೇ ಇರುತ್ತದೆ.

ಇದರ ಪರಿಣಾಮ ಏನು ಅಂತ ಒಂದು ಮುರುಗಲು ಘಟಕದ ಲೆಕ್ಕದಲ್ಲಿ ನೋಡಿ. ಹಣ್ಣು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ. ಹಾಗಾಗಿ ವರ್ಷಕ್ಕೆ ಬೇಕಾದ ಹಣ್ಣನ್ನು ಆ ಎರಡು ತಿಂಗಳಲ್ಲೇ ಕೊಳ್ಳಬೇಕು, ಅದೂ ಕೊಯ್ದು ತಂದವರಿಗೆ ನಗದು ಕೊಟ್ಟು. ಸಕ್ಕರೆ, ಬಾಟಲಿ, ಲೇಬಲ್ಲು ಬೇರೆ. ಸಿರಪ್ಪು ಮಾರಾಟವಾಗುವುದು ವರ್ಷವಿಡೀ. ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್ ಮಾರ್ಜಿನ್ನೂ ಕೇಳುತ್ತಾನೆ, ತಿಂಗಳ ಉದ್ರಿಯನ್ನೂ ಕೇಳುತ್ತಾನೆ. ಅಂದರೆ ಈ ಘಟಕ ಬೆಳೆಯಲು ಬೇಕಾದದ್ದು ಮೇ ತಿಂಗಳ ದುಡ್ಡು. ಸಿಗುವುದು ಹೆಚ್ಚಾಗಿ ಮಷೀನಿನ ಸಾಲ. ಸಬ್ಸಿಡಿಯೂ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಇದ್ದು, ಕಂತು ಸರಿಯಾಗಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಇದೆ, ಮನೆಮಟ್ಟದ ಕೆಲಸಕ್ಕೆ ಅದು ಸಾಕು. ಅದಕ್ಕಿಂತ ಮೇಲೆ ಹೋಗುವವರು ತಿರುಳು ತೆಗೆಯುವ ದೊಡ್ಡ ಪಲ್ಪರ್ ಮಷೀನು ತಂದಿಟ್ಟು, ಹಣ್ಣು ಕೊಳ್ಳಲು ದುಡ್ಡಿಲ್ಲದೆ ಅದನ್ನು ಅರ್ಧ ಹೊತ್ತು ಓಡಿಸುತ್ತಾರೆ.

ಇದಕ್ಕೆ ಬೇಕಾದ ಸಲಹೆ ದೊಡ್ಡ ಶಾಸ್ತ್ರವೇನಲ್ಲ. ತಿಂಗಳವಾರು ದುಡ್ಡಿನ ಲೆಕ್ಕ ಹಾಕಿ, ಬ್ಯಾಂಕಿನಲ್ಲಿ ಕೂತು, ಮಷೀನಿಗೆ ಕಡಿಮೆ, ದುಡಿಯುವ ಬಂಡವಾಳಕ್ಕೆ ಜಾಸ್ತಿ ಅಂತ ಒಪ್ಪಿಸಬೇಕು. ಉದ್ರಿ ಎಷ್ಟು ದಿನ ತಡೆದುಕೊಳ್ಳಬಹುದು ಅಂತ ಹೇಳಿಕೊಡಬೇಕು. ಹಾಗೆ ಮಾಡಿದರೆ ಮಷೀನಿನ ಕೊಟೇಶನ್ ಸಣ್ಣದಾಗುತ್ತದೆ. ಅದರಿಂದ ಯಾರ ಸಾಧನೆಯ ಅಂಕಿಯೂ ದೊಡ್ಡದಾಗುವುದಿಲ್ಲ.

ಜಾಗದ ಪ್ರಶ್ನೆ ಬೇರೆಯೇ ಇದೆ. ಜಿಲ್ಲೆಯ ಶೇ. 80ರಷ್ಟು ಭೂಮಿ ಅರಣ್ಯ. ಕಡಲ ಬದಿಯಲ್ಲಿ 1991ರಿಂದ ಕಟ್ಟಡ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ. ಮನೆಯ ಹಿಂದಿನ ಶೆಡ್ಡಿನಿಂದ ಹೊರಗೆ ಬರಬೇಕೆಂದರೆ ಹೊಸ ಜಾಗ ಹುಡುಕುವುದೇ ಒಂದು ಕೆಲಸ. ಬೇರೆ ಜಿಲ್ಲೆಗೆಂದು ಮಾಡಿದ ತರಬೇತಿಯ ಪುಸ್ತಕದಲ್ಲಿ ಇದಕ್ಕೆ ಪಾಠವಿಲ್ಲ.

ಟಿಎಸ್‌ಎಸ್ ತುಳಿದ ಹಳೆಯ ದಾರಿಗೆ ಹತ್ತಿರದ್ದು ಅಂದರೆ ರೈತ ಉತ್ಪಾದಕ ಕಂಪನಿಗಳು. 2020ರ ಯೋಜನೆಯಲ್ಲಿ ಅವುಗಳಿಗೆ ಐದು ವರ್ಷ ಮಾರ್ಗದರ್ಶನ, ಮೊದಲ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನಿರ್ವಹಣೆಯ ನೆರವು ಇದೆ. ಎರಡು ವರ್ಷಕ್ಕಿಂತ ಐದು ಎಷ್ಟೋ ವಾಸಿ, ಅಲ್ವಾ? ಅಂಕೋಲೆಯ ಕರಿ ಇಶಾಡ ಮಾವು, ಶಿರಸಿ ಸುಪಾರಿಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಅದನ್ನು ದರವಾಗಿ ಬದಲಾಯಿಸಲು ಗುಣಮಟ್ಟ ನೋಡುವ, ಗಿರಾಕಿ ಹುಡುಕುವ ಜನ ಪ್ರತಿದಿನ ಬೇಕು.

ಪಿಎಂಎಫ್‌ಎಂಇಯ ಮೊದಮೊದಲ ಸಾಲಗಾರರ ಮೂರು ವರ್ಷ ಈಗ ಮುಗಿದಿದೆ. ಕಂತು ಸರಿಯಾಗಿ ಕಟ್ಟಿದವರಿಗೆ ಸಬ್ಸಿಡಿ ಜಮೆಯಾಗಬೇಕು. ಅವರು ಎರಡನೇ ಸಾಲ ಕೇಳುವ ಹೊತ್ತು ಇದು. ಆ ಅರ್ಜಿಯ ಜೊತೆ ಮೂರು ವರ್ಷದ ನಿಜವಾದ ಮಾರಾಟದ ಲೆಕ್ಕ ಇಟ್ಟು, ಬ್ಯಾಂಕಿನವರ ಮುಂದೆ ಕೂತು ಮಾತಾಡುವ ಒಬ್ಬರನ್ನಾದರೂ ತಾಲೂಕಿಗೊಬ್ಬರಂತೆ ಕೊಟ್ಟರೆ, ಅವರ ಸಂಭಾವನೆಯನ್ನು ಘಟಕದ ಮಾರಾಟಕ್ಕೆ ಕಟ್ಟಿದರೆ, ಇದೇ ಸೀಸನ್ನಿನಲ್ಲಿ ವ್ಯತ್ಯಾಸ ಕಾಣಬಹುದು.