ಮೋವರ್ ಬ್ಯಾಟರಿ ಕೊಳ್ಳುವ ಮುಂಚೆ ನಿಮ್ಮ ಹುಲ್ಲು ನೋಡಿ

ಕಳೆದ ಜುಲೈನಲ್ಲಿ ಮೂಡಿಗೆರೆ ಕಡೆಯ ಹೋಂಸ್ಟೇ ಯಜಮಾನರೊಬ್ಬರು ಹುಲ್ಲು ಕತ್ತರಿಸುವ ಬ್ಯಾಟರಿ ಲಾನ್ ಮೋವರ್ ಒಂದನ್ನು ಜೀಪಿನ ಹಿಂದೆ ಹಾಕಿಕೊಂಡು ಚಿಕ್ಕಮಗಳೂರಿನ ನಮ್ಮ ಅಂಗಡಿಗೆ ಬಂದರು. "ಚಾರ್ಜ್ ಫುಲ್ ತೋರಿಸುತ್ತೆ. ಹುಲ್ಲಿಗೆ ಇಟ್ಟ ತಕ್ಷಣ ಆಫ್. ತಗೊಂಡು ಎಂಟು ತಿಂಗಳೂ ಆಗಿಲ್ಲ. ಬ್ಯಾಟರಿ ಹೋಗಿದೆ, ಬೇರೆ ಹಾಕಿ ಕೊಡಿ" ಅಂದರು.

ಬ್ಯಾಟರಿಗೆ ಮೀಟರ್ ಹಿಡಿದೆ. 41.3 ವೋಲ್ಟ್. ಸುಮ್ನೆ ನೋಡಿದರೆ ಏನೂ ದೋಷ ಇಲ್ಲ. ಟರ್ಮಿನಲ್‌ಗೆ ಎರಡು ವೈರ್ ಕಚ್ಚಿಸಿ, ಮೀಟರನ್ನು ಹ್ಯಾಂಡಲ್‌ಗೆ ಕಟ್ಟಿ, ಅಂಗಡಿ ಹಿಂದಿನ ಖಾಲಿ ಜಾಗಕ್ಕೆ ಒಯ್ದೆ. ಅಲ್ಲಿ ಮಳೆಗೆ ಅರ್ಧ ಗೇಣು ಹುಲ್ಲು ಎದ್ದಿತ್ತು. ಬ್ಲೇಡ್ ಬರೀ ಗಾಳಿಯಲ್ಲಿ ತಿರುಗುವಾಗ 40 ಇತ್ತು. ಒದ್ದೆ ಹುಲ್ಲಿಗೆ ನುಗ್ಗಿಸಿದ ಕೂಡಲೇ 33ಕ್ಕೆ ಕುಸಿಯಿತು, ಮರುಕ್ಷಣ ಮಷಿನ್ ನಿಂತಿತು. ಒಂದು ನಿಮಿಷ ಬಿಟ್ಟು ನೋಡಿದರೆ ಮತ್ತೆ 40 ದಾಟಿದೆ.

ಅಂಗಡಿಯಲ್ಲಿ ಅದೇ ಕಂಪನಿಯ ಇನ್ನೊಂದು ಬ್ಯಾಟರಿ ಇತ್ತು. ವೋಲ್ಟ್ ಅದೇ, ಎಎಚ್ ಮಾತ್ರ ಎರಡರ ಬದಲು ನಾಲ್ಕು. ಎಎಚ್ ಅಂದರೆ ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಂಕಿ. ಅದನ್ನು ಹಾಕಿ ಅದೇ ಹುಲ್ಲಿನಲ್ಲಿ ಓಡಿಸಿದೆ. ಮೀಟರ್ 38ರ ಕೆಳಗೆ ಇಳಿಯಲಿಲ್ಲ. ಮಷಿನ್ ನಿಲ್ಲಲೂ ಇಲ್ಲ. ಯಜಮಾನರು ಮೀಟರನ್ನೇ ನೋಡುತ್ತಾ ನಿಂತರು. "ಹಂಗಾದ್ರೆ ನಂದು ಕೆಟ್ಟಿಲ್ವಾ?" ಅಂತ ಕೇಳಿದರು. ಕೆಟ್ಟಿರಲಿಲ್ಲ. ಅವರ ಹುಲ್ಲಿಗೆ ಅದು ಸಾಲದ ಬ್ಯಾಟರಿ, ಅಷ್ಟೇ.

ನಮ್ಮಲ್ಲಿಗೆ ಬರುವ ಮೋವರ್ ದೂರುಗಳಲ್ಲಿ ಇಂಥವೇ ಜಾಸ್ತಿ. ಬ್ಯಾಟರಿ ಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವೋಲ್ಟು?" ವೋಲ್ಟನ್ನು ಆರಿಸುವ ಅವಕಾಶ ನಿಮಗೆ ಇರುವುದೇ ಇಲ್ಲ, ಅದನ್ನು ಮಷಿನ್ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ. ನೀವು ಆರಿಸಬೇಕಾದ್ದು ಎಎಚ್. ಅದನ್ನು ಆರಿಸಬೇಕಾದ್ದು ನಿಮ್ಮ ಹುಲ್ಲು ಅತಿ ಹೆಚ್ಚು ಬೆಳೆದು ಒದ್ದೆಯಾಗಿ ನಿಂತಿರುವ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಶೋರೂಮಿನವರು ಡೆಮೊ ಕೊಟ್ಟ ಒಣ ಹುಲ್ಲನ್ನು ನೋಡಿಕೊಂಡಲ್ಲ.

ಪ್ಯಾಕ್ ಒಳಗೆ ಏನಿದೆ ಅಂತ ಒಮ್ಮೆ ಕಣ್ಣಿಗೆ ಕಟ್ಟಿಕೊಂಡರೆ ಇದೆಲ್ಲ ಸುಲಭ. ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದರೆ ಒಳಗೆ ಟಾರ್ಚಿನ ಸೆಲ್‌ಗಿಂತ ಸ್ವಲ್ಪ ಉದ್ದನೆಯ ಲಿಥಿಯಂ ಸೆಲ್‌ಗಳು ಸಾಲಾಗಿ ಕೂತಿರುತ್ತವೆ. ಹೆಚ್ಚಾಗಿ 18650 ಅನ್ನುವ ಅಳತೆಯವು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದು ಸೆಲ್ ಸರಾಸರಿ 3.6 ವೋಲ್ಟ್ ಕೊಡುತ್ತೆ, ಪೂರ್ತಿ ತುಂಬಿದಾಗ 4.2. ಹತ್ತನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟ್, ತುಂಬಿದಾಗ 42. ಇದೇ ಪ್ಯಾಕಿನ ಮೇಲೆ ಒಬ್ಬರು 36 ಅಂತ ಬರೆಯುತ್ತಾರೆ, ಇನ್ನೊಬ್ಬರು 40 ವೋಲ್ಟ್ ಮ್ಯಾಕ್ಸ್ ಅಂತ ಬರೆಯುತ್ತಾರೆ. 18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್ ಕಥೆಯೂ ಅದೇ, ಎರಡರಲ್ಲೂ ಸಾಲಿಗೆ ಐದೇ ಸೆಲ್. ಈ ಎರಡೋ ನಾಲ್ಕೋ ವೋಲ್ಟ್ ಜಾಸ್ತಿ ಅಂತ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ.

2 ಎಎಚ್‌ನ 36 ವೋಲ್ಟ್ ಪ್ಯಾಕಿನಲ್ಲಿ ಸಾಮಾನ್ಯವಾಗಿ ಹತ್ತು ಸೆಲ್. 4 ಎಎಚ್‌ನದರಲ್ಲಿ ಇಪ್ಪತ್ತು, ಎರಡೆರಡು ಜೊತೆಯಾಗಿ. ಹತ್ತು ಜನ ಹೊರುತ್ತಿದ್ದ ತೊಲೆಗೆ ಇಪ್ಪತ್ತು ಜನ ಹೆಗಲು ಕೊಟ್ಟ ಹಾಗೆ. ದಪ್ಪ ಹುಲ್ಲಿನಲ್ಲಿ ಮೋಟಾರ್ ಒಮ್ಮೆಲೇ ಕರೆಂಟ್ ಎಳೆದಾಗ ಚಿಕ್ಕ ಪ್ಯಾಕಿನಲ್ಲಿ ಪ್ರತಿ ಸೆಲ್‌ಗೂ ಪೂರ್ತಿ ಭಾರ ಬೀಳುತ್ತೆ. ವೋಲ್ಟ್ ಕುಸಿಯುತ್ತೆ, ಸೆಲ್ ಬಿಸಿಯಾಗುತ್ತೆ, ಮಿತಿ ಮೀರಿದಾಗ ಬ್ಯಾಟರಿಯನ್ನು ಕಾಪಾಡಲು ಒಳಗೆ ಇಟ್ಟಿರುವ ಬಿಎಂಎಸ್ ಸರ್ಕ್ಯೂಟ್ ಸಪ್ಲೈ ಕತ್ತರಿಸುತ್ತೆ. ಹೋಂಸ್ಟೇಯವರ ಮಷಿನ್ ಆಫ್ ಆಗುತ್ತಿದ್ದದ್ದು ಹೀಗೆ. ದೊಡ್ಡ ಪ್ಯಾಕಿನಲ್ಲಿ ಅದೇ ಭಾರ ಅರ್ಧರ್ಧ ಹಂಚಿಹೋಗುತ್ತೆ. ಹಾಗಾಗಿ ದೊಡ್ಡ ಪ್ಯಾಕ್ ಜಾಸ್ತಿ ಹೊತ್ತು ಓಡುವುದಷ್ಟೇ ಅಲ್ಲ, ಜಾಸ್ತಿ ವರ್ಷವೂ ಬರುತ್ತೆ. ಇದನ್ನು ಅಂಗಡಿಯವರು ಯಾಕೋ ಹೇಳುವುದೇ ಇಲ್ಲ.

ಎಷ್ಟು ಬೇಕು ಅಂತ ಲೆಕ್ಕ ಹಾಕೋಣ. ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ ವಾಟ್ ಅವರ್ ಸಿಗುತ್ತೆ. 36 ವೋಲ್ಟ್, 4 ಎಎಚ್ ಅಂದರೆ 144 ವಾಟ್ ಅವರ್. 18 ವೋಲ್ಟ್, 5 ಎಎಚ್ ಅಂದರೆ 90. ಎಎಚ್ ಮಾತ್ರ ನೋಡಿದರೆ ಎರಡನೆಯದೇ ದೊಡ್ಡದು ಅನ್ನಿಸುತ್ತೆ ಅಲ್ವಾ? ಮೋಸ ಹೋಗುವುದು ಅಲ್ಲೇ.

ಸುಮಾರು 33 ಸೆಂಟಿಮೀಟರ್ ಅಗಲ ಕತ್ತರಿಸುವ ತಳ್ಳುವ ಮೋವರ್ ಒಣ ಹುಲ್ಲಿನಲ್ಲಿ ಸರಾಸರಿ 400 ವಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 144 ವಾಟ್ ಅವರ್ ಪ್ಯಾಕ್ 20 ನಿಮಿಷ ಓಡುತ್ತೆ. ಮಾಮೂಲಿ ನಡಿಗೆಯಲ್ಲಿ, ತಿರುವು, ಗಿಡದ ಬುಡ, ಹುಲ್ಲಿನ ಬುಟ್ಟಿ ಖಾಲಿ ಮಾಡುವುದು ಎಲ್ಲ ಸೇರಿ ಆ ಹೊತ್ತಿನಲ್ಲಿ ಹೆಚ್ಚುಕಡಿಮೆ ಎರಡು ಗುಂಟೆ ಮುಗಿಯುತ್ತೆ. ಗುಂಟೆ ಅಂದರೆ 1089 ಚದರಡಿ. ಬೆಂಗಳೂರಿನ 30-40 ಸೈಟಿನ ಮನೆ ಮುಂದಿನ ಚೂರು ಲಾನಿಗೆ 18 ವೋಲ್ಟಿನ ಮಷಿನ್ನೇ ಧಾರಾಳ. ಅಲ್ಲಿ ದೊಡ್ಡದು ಕೊಂಡರೆ ತಳ್ಳುವವರಿಗೆ ಭಾರ, ಇನ್ನೇನಿಲ್ಲ.

ನಮ್ಮ ಮಲೆನಾಡಿನಲ್ಲಿ ಈ ಲೆಕ್ಕವನ್ನು ಅರ್ಧ ಮಾಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗುವುದೇ ಇಲ್ಲ. ಒದ್ದೆ ಹುಲ್ಲು ಡೆಕ್ ಒಳಗೆ, ಅಂದರೆ ಬ್ಲೇಡಿನ ಮೇಲಿನ ಮುಚ್ಚಳದ ಒಳಗೆ, ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತೆ, ಬ್ಲೇಡ್ ಅದನ್ನೂ ಎಳೆದುಕೊಂಡು ತಿರುಗಬೇಕು. ಮೆಕ್ಸಿಕನ್ ಹುಲ್ಲು ಹಾಕಿದವರಿಗೆ ಇನ್ನೂ ಕಷ್ಟ. ಅದು ಸ್ಪಂಜಿನ ಹಾಗೆ ಒತ್ತೊತ್ತಾಗಿ ಬೆಳೆಯುತ್ತೆ, ನೀರನ್ನು ಒಳಗೇ ಹಿಡಿದುಕೊಳ್ಳುತ್ತೆ. ಗರಿಕೆ ಲಾನಿನಲ್ಲಿ ಎರಡು ಗುಂಟೆ ಎಳೆದ ಪ್ಯಾಕ್ ಇಲ್ಲಿ ಒಂದು ಗುಂಟೆಗೇ ಸುಸ್ತು.

ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಬ್ಲೇಡ್ ತಿರುಗಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲು ಬ್ಯಾಟರಿ ತೆಗೆದಿಟ್ಟು, ಆಮೇಲೆ. ಅಂಚು ಹೆಬ್ಬೆರಳಿನಷ್ಟು ದುಂಡಗಾಗಿದ್ದರೆ ಅದು ಹುಲ್ಲನ್ನು ಕತ್ತರಿಸುತ್ತಿಲ್ಲ, ಹರಿಯುತ್ತಿದೆ. ಕತ್ತರಿಸಿದ ತುದಿ ಎರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಅದೇ ಗುರುತು. ಹರಿಯುವ ಬ್ಲೇಡ್ ಕರೆಂಟ್ ಜಾಸ್ತಿ ಎಳೆಯುತ್ತೆ. ಸಾಣೆ ಹಿಡಿಸಿದ ಮೇಲೆ "ಬ್ಯಾಟರಿನೇ ಬದಲಾದ ಹಾಗಾಯ್ತು" ಅಂತ ಫೋನ್ ಮಾಡಿದವರಿದ್ದಾರೆ. ಇನ್ನೊಂದು, ಒಂದೇ ಸಲಕ್ಕೆ ಬುಡದವರೆಗೆ ಕತ್ತರಿಸಬೇಡಿ. ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ. ಹುಲ್ಲಿಗೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು.

ಚಾರ್ಜರ್ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿರುವ ಮಕ್ಕಳು ಅಪ್ಪನಿಗೆ ಅಂತ ತರುವ ಮಷಿನ್‌ಗಳು ನಮ್ಮ ಊರಿಗೂ ಬರುತ್ತಿವೆ. ಪ್ರೀತಿಯಿಂದ ತಂದಿರುತ್ತಾರೆ. ಮೊದಲ ದಿನವೇ ಅಡಾಪ್ಟರ್ ಸಿಕ್ಕಿಸಿ ಚಾರ್ಜರ್ ಪ್ಲಗ್ ಮಾಡುತ್ತಾರೆ, ಪಟ್ ಅಂತ ಸದ್ದು, ಸುಟ್ಟ ವಾಸನೆ. ಅಲ್ಲಿನ ಮನೆ ಕರೆಂಟ್ 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟ್ ಇಳಿಸುವುದಿಲ್ಲ. ಚಾರ್ಜರ್ ಕೆಳಗಿನ ಚೀಟಿಯಲ್ಲಿ ಇನ್‌ಪುಟ್ 100-240 ಅಂತ ಇದ್ದರೆ ಧೈರ್ಯವಾಗಿ ಹಾಕಿ. ಬರೀ 120 ಅಂತ ಇದ್ದರೆ ಹಾಕಬೇಡಿ. ಅದೇ ಬ್ಯಾಟರಿಗೆ ಹೊಂದುವ 230 ವೋಲ್ಟ್ ಚಾರ್ಜರ್ ಕಂಪನಿಯವರಲ್ಲಿ ಇದೆಯೇ ಅಂತ ವಿಚಾರಿಸಿ. ಮಷಿನ್ ಮತ್ತು ಬ್ಯಾಟರಿಗೆ ಏನೂ ತೊಂದರೆ ಇಲ್ಲ.

ವಿಮಾನದಲ್ಲಿ ತರುವವರು ವಾಟ್ ಅವರ್ ನೋಡಿಕೊಳ್ಳಿ. 100ರವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 160 ದಾಟಿದರೆ ಪ್ರಯಾಣಿಕರು ತರುವಂತಿಲ್ಲ. ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು. 36 ವೋಲ್ಟಿನ 5 ಎಎಚ್ ಪ್ಯಾಕ್ 180 ಆಗುತ್ತೆ, ಅದು ಅಲ್ಲೇ ಉಳಿಯುತ್ತೆ.

ಚಾರ್ಜರ್ ಅದಲುಬದಲು ಮಾಡುವುದು ಇನ್ನೂ ಅಪಾಯ. ಔಷಧಿ ಹೊಡೆಯುವ ಸ್ಪ್ರೇಯರ್‌ಗಳಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. 12 ಬೈ 8ರ, ಅಂದರೆ 12 ವೋಲ್ಟ್ 8 ಎಎಚ್‌ನ ಹಳೇ ಲೆಡ್ ಬ್ಯಾಟರಿ ಹೋಯಿತು ಅಂತ ಹಗುರವಾದ ಲಿಥಿಯಂ ಪ್ಯಾಕ್ ಹಾಕಿಸಿಕೊಳ್ಳುತ್ತಾರೆ, ಚಾರ್ಜರ್ ಮಾತ್ರ ಹಳೆಯದೇ. ಮೂರು ಸೆಲ್‌ನ ಲಿಥಿಯಂ ಪ್ಯಾಕಿಗೆ 12.6 ವೋಲ್ಟೇ ಕೊನೆಯ ಮಿತಿ. ಲೆಡ್ ಚಾರ್ಜರ್ 14ರ ಮೇಲೆ ಹೋಗುತ್ತೆ. ಒಳ್ಳೆಯ ಬಿಎಂಎಸ್ ಇದ್ದರೆ ತಡೆಯುತ್ತೆ. ಇಲ್ಲದಿದ್ದರೆ ಪ್ಯಾಕ್ ಊದುತ್ತೆ, ಬೆಂಕಿಯೂ ಹತ್ತಬಹುದು. ಮನೆ ಜಗಲಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟು ಮಲಗುವ ಜನ ನಾವು. ದಯವಿಟ್ಟು ಈ ಒಂದು ವಿಷಯದಲ್ಲಿ ಹುಷಾರಾಗಿರಿ.

ರೆಸಾರ್ಟು, ಕಾಲೇಜು ಮೈದಾನಗಳಲ್ಲಿ ಕೂತು ಓಡಿಸುವ ಪೆಟ್ರೋಲ್ ಮೋವರ್ ಇರುತ್ತೆ. ಅದರ ಬ್ಯಾಟರಿ ಬೇರೆಯೇ ಜಾತಿ. ಅದರ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು ಮಾತ್ರ. 12 ವೋಲ್ಟ್ ಲೆಡ್ ಬ್ಯಾಟರಿ, ಹೆಚ್ಚಿನವುಗಳಲ್ಲಿ ಯು1 ಅನ್ನುವ ಅಳತೆ, ಸುಮಾರು 20 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲ. ಇಲ್ಲಿ ಎಎಚ್‌ಗಿಂತ ಸಿಸಿಎ ಅಂಕಿ ಮುಖ್ಯ, ಅಂದರೆ ಸ್ಟಾರ್ಟ್ ಹೊಡೆದಾಗ ಎಷ್ಟು ಕರೆಂಟ್ ತಳ್ಳುತ್ತೆ ಅನ್ನುವುದು. ಹಳೆಯದರ ಮೇಲೆ ಇದ್ದದ್ದಕ್ಕಿಂತ ಕಡಿಮೆ ತಗೊಳ್ಳಬೇಡಿ. ಪ್ಲಸ್ ಟರ್ಮಿನಲ್ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಉಲ್ಟಾ ಇರುವುದನ್ನು ತಂದರೆ ವೈರ್ ಸಾಲುವುದಿಲ್ಲ. ಎಳೆದು ತಪ್ಪು ಕಡೆಗೆ ಕೂರಿಸಿದರೆ ಚಾರ್ಜಿಂಗ್ ಸರ್ಕ್ಯೂಟ್ ಹೋಗುತ್ತೆ. ಮಷಿನ್ ತಿಂಗಳುಗಟ್ಟಲೆ ನಿಲ್ಲುವುದಾದರೆ ನಡುನಡುವೆ ಚಾರ್ಜ್ ಮಾಡಿ. ಚಾರ್ಜ್ ಮಾಡಿ ನಾಲ್ಕೈದು ಗಂಟೆ ಬಿಟ್ಟ ಮೇಲೆ ಮೀಟರಿನಲ್ಲಿ 12.6 ಬಂದರೆ ತುಂಬಿದೆ, 12.2 ಅಂದರೆ ಅರ್ಧ, 11.9 ಅಂದರೆ ಖಾಲಿ. ಖಾಲಿ ಬಿಟ್ಟ ಲೆಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಶಕ್ತಿ ಬರುವುದಿಲ್ಲ.

ಲಿಥಿಯಂನ ಸ್ವಭಾವ ಇದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ಹುಲ್ಲು ನಿಂತು ಎರಡು ತಿಂಗಳು ಕೆಲಸ ಇಲ್ಲ ಅಂದಾಗ ಫುಲ್ ಚಾರ್ಜ್ ಮಾಡಿ ಇಡಬೇಡಿ, ಪೂರ್ತಿ ಖಾಲಿಯೂ ಇಡಬೇಡಿ. ಪ್ಯಾಕ್ ಮೇಲೆ ಚಾರ್ಜ್ ತೋರಿಸುವ ನಾಲ್ಕು ಲೈಟಿನಲ್ಲಿ ಎರಡು ಉರಿಯುವಷ್ಟು ಸಾಕು. ಮಷಿನ್‌ನಿಂದ ತೆಗೆದು ಮನೆ ಒಳಗೆ, ತಂಪಾದ ಕಡೆ ಇಡಿ. ತಗಡಿನ ಶೆಡ್ಡಿನಲ್ಲಿ ಬೇಡ. ಮಧ್ಯಾಹ್ನ ಹುಲ್ಲು ಹೊಡೆದು ಬಂದು ಬಿಸಿ ಬ್ಯಾಟರಿಯನ್ನೇ ನೇರ ಚಾರ್ಜಿಗೆ ಹಾಕಬೇಡಿ. ಕೈ ಇಟ್ಟರೆ ಬಿಸಿ ತಾಗದ ಹಾಗೆ ಆಗಲಿ. ಸರಿಯಾದ ಚಾರ್ಜರ್ ಬ್ಯಾಟರಿ ತಣಿಯುವವರೆಗೆ ತಾನಾಗಿಯೇ ಕಾದು ನಿಲ್ಲುತ್ತೆ. ಲೋಕಲ್ ಪ್ಯಾಕುಗಳಲ್ಲಿ ಕೆಲವಕ್ಕೆ ಬಿಸಿ ಅಳೆಯುವ ಪಿನ್ನೇ ಇರುವುದಿಲ್ಲ, ಅಲ್ಲಿ ಕಾಯಬೇಕಾದವರು ನೀವು.

ಅರ್ಧ ಬೆಲೆಯ ಲೋಕಲ್ ಪ್ಯಾಕ್ ಹಾಕಬಹುದಾ ಅಂತ ವಾರಕ್ಕೆ ನಾಲ್ಕು ಜನ ಕೇಳುತ್ತಾರೆ. ನಾನು ಮೊದಲು ತಕ್ಕಡಿಗೆ ಇಡುತ್ತೇನೆ. ಒಂದು 18650 ಸೆಲ್ ಸುಮಾರು 45 ಗ್ರಾಂ. ಇಪ್ಪತ್ತು ಸೆಲ್ ಇದೆ ಅನ್ನುವ ಪ್ಯಾಕ್ ಡಬ್ಬಿ ಸೇರಿ ಒಂದು ಕಿಲೋ ಆದರೂ ತೂಗಬೇಕು. ಆರುನೂರು ಗ್ರಾಂ ಬಂದರೆ ಒಳಗೆ ಏನೋ ಕಡಿಮೆ ಇದೆ. ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಗುರುತು, ಲಿಥಿಯಂ ಬ್ಯಾಟರಿಯ ಸುರಕ್ಷತೆಗೆ ಕೊಡುವ ಐಎಸ್ 16046 ಅಂಕಿ ಇದೆಯೇ ನೋಡಿ. ಹಳೇ ಪ್ಯಾಕಿಗೆ ಹೊಸ ಸೆಲ್ ಹಾಕಿಸುವುದು ಆಗುವ ಕೆಲಸವೇ, ಆದರೆ ಎಲ್ಲ ಸೆಲ್‌ಗಳನ್ನೂ ಒಟ್ಟಿಗೆ ಬದಲಿಸಬೇಕು. ಕೆಟ್ಟ ಒಂದನ್ನು ಮಾತ್ರ ಬದಲಿಸಿ ಅನ್ನುವವರಿಗೆ ನಾನು ಮಾಡಿಕೊಡುವುದಿಲ್ಲ. ಹಳೆಯವುಗಳ ನಡುವೆ ಹೊಸದು ಸಮನಾಗಿ ತುಂಬುವುದಿಲ್ಲ, ಸಮನಾಗಿ ಖಾಲಿಯೂ ಆಗುವುದಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಅಂಗಡಿ, ಅದೇ ಜಗಳ.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಒತ್ತಿದಾಗ ಲಿಥಿಯಂ ಪ್ಯಾಕ್ ಹೊತ್ತಿಕೊಳ್ಳುತ್ತೆ, ಅಲ್ಲಿ ಕೆಲಸ ಮಾಡುವವರ ಕೈ ಸುಡುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ಲೆಡ್ ಬ್ಯಾಟರಿಗೆ ಎಕ್ಸ್‌ಚೇಂಜ್ ದುಡ್ಡು ಸಿಗುವುದರಿಂದ ಎಲ್ಲರೂ ತಂದುಕೊಡುತ್ತಾರೆ. ಲಿಥಿಯಂಗೆ ದುಡ್ಡು ಸಿಗದಿದ್ದರೂ ತಂದುಕೊಡಿ, ಟರ್ಮಿನಲ್‌ಗೆ ಟೇಪ್ ಸುತ್ತಿ.

ಮೂಡಿಗೆರೆಯ ಯಜಮಾನರದ್ದು ನಾಲ್ಕು ಗುಂಟೆ ಲಾನು, ಪೂರ್ತಿ ಮೆಕ್ಸಿಕನ್. 4 ಎಎಚ್‌ನ ಎರಡು ಪ್ಯಾಕ್ ತಗೊಳ್ಳಿ, ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗಲಿ ಅಂದೆ. ಮಳೆಗಾಲದಲ್ಲಿ ಬೆಳಿಗ್ಗೆ ಎರಡು ಗುಂಟೆ, ಸಂಜೆ ಎರಡು ಗುಂಟೆ ಅಂತ ಪಾಲು ಮಾಡಿಕೊಳ್ಳಿ, ವಾರಕ್ಕೊಮ್ಮೆ ತಪ್ಪದೆ ಹೊಡೆಯಿರಿ ಅಂದೆ. ನವೆಂಬರಿನಲ್ಲಿ ಬ್ಲೇಡ್ ಸಾಣೆ ಹಿಡಿಸಲು ಬಂದಿದ್ದರು. ಮೋವರ್ ನಿಂತಿಲ್ಲವಂತೆ. ಹಳೇ 2 ಎಎಚ್ ಪ್ಯಾಕ್ ಏನಾಯಿತು ಅಂತ ಕೇಳಿದೆ. ಅದೇ ಕಂಪನಿಯ ಬೇಲಿ ಕತ್ತರಿಸುವ ಟ್ರಿಮ್ಮರ್‌ಗೆ ಅದು ಕೂರುತ್ತೆ, ದಾಸವಾಳದ ಬೇಲಿಯನ್ನು ಈಗ ಅದರಲ್ಲೇ ಸವರುತ್ತಿದ್ದೇವೆ, ಒಂದು ಚಾರ್ಜಿಗೆ ಪೂರ್ತಿ ಮುಗಿಯುತ್ತೆ ಅಂದರು.