ಡಾರ್ಟ್‌ಮತ್ ಕಡತ ಬಿಚ್ಚುವ ಮುನ್ನ

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸನದಿನ ತಾರೀಖು 1769ರ ಡಿಸೆಂಬರ್ 13. ದಾಖಲೆ ಹುಡುಕುವವರು ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡಿ, ಸ್ವಲ್ಪ ಹೊತ್ತಿಗೇ ತಲೆ ಕೆರೆದುಕೊಳ್ಳುತ್ತಾರೆ. ಪಾದ್ರಿ ಎಲಿಯಾಜರ್ ವೀಲಾಕ್ ಕನೆಕ್ಟಿಕಟ್‌ನ ಲೆಬನಾನ್‌ನಲ್ಲಿ ಮೂಲನಿವಾಸಿ ಮಕ್ಕಳಿಗೆಂದು 1754ರಲ್ಲೇ ಶಾಲೆ ತೆರೆದಿದ್ದರು. ಮನೆ, ಜಮೀನು ಕೊಟ್ಟ ಜೋಶುವಾ ಮೂರ್ ಹೆಸರಿನಿಂದ ಅದು ಮೂರ್ಸ್ ಇಂಡಿಯನ್ ಚಾರಿಟಿ ಸ್ಕೂಲ್ ಆಯಿತು. ಮುಂದೆ ಶಾಲೆಗೂ ಕಾಲೇಜಿಗೂ ವೀಲಾಕ್‌ರೇ ಯಜಮಾನರು. ಹಾಗಾಗಿ ಎರಡರ ಪತ್ರವ್ಯವಹಾರವೂ ಕಲೆಸಿಹೋಗಿದೆ. ಅದನ್ನು ಬಿಡಿಸಲು ಹೋಗಬೇಡಿ, ತಾರೀಖಿನ ಕ್ರಮದಲ್ಲೇ ಓದಿ.

ಆ ಕ್ರಮ ಕಾಲೇಜು ಪ್ರತಿ ಹಸ್ತಪ್ರತಿಗೆ ಕೊಟ್ಟ ಸಂಖ್ಯೆಯಲ್ಲೇ ಅಡಗಿದೆ. 771424 ತೆಗೆದುಕೊಳ್ಳಿ. ಮೊದಲ ಮೂರು ಅಂಕಿ ಇಸವಿ, ಅದರ ಆರಂಭದ 1 ಅನ್ನು ಬಿಟ್ಟು: 771 ಅಂದರೆ 1771. ನಾಲ್ಕನೆಯದು ಎರಡೆರಡು ತಿಂಗಳ ಜೋಡಿ: 1 ಅಂದರೆ ಜನವರಿ–ಫೆಬ್ರವರಿ, 4 ಅಂದರೆ ಜುಲೈ–ಆಗಸ್ಟ್, 6 ಅಂದರೆ ನವೆಂಬರ್–ಡಿಸೆಂಬರ್. ಕೊನೆಯ ಎರಡು ಅಂಕಿ ದಿನ. ಜೋಡಿಯ ಎರಡನೇ ತಿಂಗಳಾದರೆ ದಿನಕ್ಕೆ 50 ಕೂಡಿಸಿರುತ್ತಾರೆ. ಅಲ್ಲಿಗೆ ಇದು ಜುಲೈ 24. ಸನದಿನ ತಾರೀಖನ್ನು ಹೀಗೆ ಬರೆದರೆ 769663. ಈ 50ರ ಲೆಕ್ಕ ಮರೆತವರು 63 ಕಂಡು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಒಂದೇ ದಿನ ಹಲವು ಕಾಗದಗಳಿದ್ದರೆ ಚುಕ್ಕಿ ಇಟ್ಟು .1, .2 ಎಂದು ಬೆಳೆಸುತ್ತಾರೆ. ಇನ್ನೊಂದು ಎಚ್ಚರ: 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಆ ಕಾಲದ ಕಾಗದದಲ್ಲಿ 1743/4ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1744.

771424 ಸುಮ್ಮನೆ ಆರಿಸಿದ್ದಲ್ಲ. ವೀಲಾಕ್‌ರ ಶಿಷ್ಯ, ಮೊಹೀಗನ್ ಜನಾಂಗದ ಸ್ಯಾಮ್ಸನ್ ಆಕಮ್ ಗುರುವಿಗೆ ಬರೆದ ಕಟು ಪತ್ರ ಅದು. ಆಕಮ್ 1766–68ರಲ್ಲಿ ಪಾದ್ರಿ ನಥಾನಿಯಲ್ ವಿಟೇಕರ್ ಜೊತೆ ಬ್ರಿಟನ್ ಸುತ್ತಿ ಸುಮಾರು 12,000 ಪೌಂಡ್ ದೇಣಿಗೆ ಎತ್ತಿದ್ದರು. ಹಣ ಕೇಳಿದ್ದು ಮೂಲನಿವಾಸಿಗಳ ಶಾಲೆಯ ಹೆಸರಿನಲ್ಲಿ. ಎದ್ದು ನಿಂತದ್ದು ಹೆಚ್ಚಾಗಿ ಬಿಳಿಯರೇ ಓದುವ ಕಾಲೇಜು. ಸನದು ಮೂಲನಿವಾಸಿ ಯುವಕರನ್ನೇ ಮೊದಲು ಹೆಸರಿಸುತ್ತದೆ, ಇಂಗ್ಲಿಷ್ ಯುವಕರು ಆಮೇಲೆ. ಶಾಲೆಯ ಕಾಗದ ಬಿಟ್ಟು ಸನದೊಂದನ್ನೇ ಓದಿದವರಿಗೆ ಆಕಮ್‌ರ ಸಿಟ್ಟು ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ.

ಹಣದ ಲೆಕ್ಕ ಹಿಂಬಾಲಿಸುವವರು ಎಡವುವುದು ‘ಪೌಂಡ್’ ಮೇಲೆ. ಲಂಡನ್ನಿನ ಲೆಕ್ಕ ಸ್ಟರ್ಲಿಂಗ್‌ನಲ್ಲಿ, ನ್ಯೂ ಇಂಗ್ಲೆಂಡಿನ ಅಂಗಡಿ ಲೆಕ್ಕ ‘ಲಾಫುಲ್ ಮನಿ’ ಎಂಬ ವಸಾಹತಿನದೇ ಲೆಕ್ಕದ ಹಣದಲ್ಲಿ. 100 ಪೌಂಡ್ ಸ್ಟರ್ಲಿಂಗ್‌ಗೆ ಲಾಫುಲ್‌ನಲ್ಲಿ 133 ಪೌಂಡ್ 6 ಶಿಲಿಂಗ್ 8 ಪೆನ್ಸ್. ಯಾವ ಪೌಂಡ್ ಎಂದು ಗೊತ್ತಾಗದೆ ಕೂಡಿಸಲು ಕೂರಬೇಡಿ. ಪತ್ರಗಳಲ್ಲೂ ಇಂಥದೇ ತೊಂದರೆ: ಕೈಗೆ ಸಿಕ್ಕಿದ್ದು ಎಷ್ಟೋ ಸಲ ಕರಡು ಅಥವಾ ನಕಲು, ಕಳಿಸಿದ ಪ್ರತಿಯಲ್ಲ. ಹೊಡೆದುಹಾಕಿದ ಸಾಲು ಕಂಡರೆ ಅದನ್ನೂ ಬರೆದುಕೊಳ್ಳಿ.

1816ರ ನಂತರದ ಠರಾವು ಹುಡುಕುವವರಿಗೆ ಬೇರೆ ಫಜೀತಿ. ನ್ಯೂ ಹ್ಯಾಂಪ್‌ಶೈರ್ ಶಾಸಕಾಂಗ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಲು ಹೊರಟಾಗ ಎರಡು ಆಡಳಿತಗಳು ಅಕ್ಕಪಕ್ಕದಲ್ಲೇ ನಡೆದವು. ಕಾರ್ಯದರ್ಶಿ ವಿಲಿಯಂ ವುಡ್‌ವರ್ಡ್ ಸನದು, ಮೊಹರು, ಠರಾವು ಪುಸ್ತಕ, ಲೆಕ್ಕದ ಪುಸ್ತಕಗಳನ್ನು ಕಾಲೇಜಿನ ಹಳೆಯ ಟ್ರಸ್ಟಿಗಳಿಗೆ ಕೊಡಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1819ರಲ್ಲಿ ಕಾಲೇಜಿನ ಪರ ತೀರ್ಪಿತ್ತ ಪ್ರಸಿದ್ಧ ಮೊಕದ್ದಮೆ, ಕಾಗದದ ಮಟ್ಟಿಗೆ ಈ ಪುಸ್ತಕಗಳಿಗಾಗಿ ಹೂಡಿದ್ದು. ಈ ಮೂರು ವರ್ಷಗಳಿಗೆ ಎರಡೂ ಕಡೆಯ ನಡಾವಳಿ ನೋಡಲೇಬೇಕು.

ಹಳೆಯ ಪುಸ್ತಕಗಳ ಅಡಿಟಿಪ್ಪಣಿ ನಂಬಿ ಆಕಮ್‌ರ ಮೂಲ ಕಾಗದಗಳಿಗೆ ಕಾಲೇಜಿರುವ ಊರು ಹ್ಯಾನೋವರ್‌ಗೆ ಬರೆಯಬೇಡಿ. ಕಾಲೇಜು ಅವನ್ನು 2022ರ ಏಪ್ರಿಲ್ 27ರಂದು ಮೊಹೀಗನ್ ಜನಾಂಗಕ್ಕೆ ಹಿಂದಿರುಗಿಸಿತು. ಅವರ ನೆಲೆ ಕನೆಕ್ಟಿಕಟ್‌ನ ಅಂಕಸ್‌ವಿಲ್. ಉಲ್ಲೇಖದಲ್ಲಿ ಹಳೆಯ ಸಂಖ್ಯೆಯನ್ನು ಉಳಿಸಿಕೊಂಡು, ಈಗಿನ ಒಡೆಯರ ಹೆಸರು ಬರೆಯಿರಿ.