ಎಂಟನೆಯವನು ಮಿಣಿ ಹಿಡಿದಾಗ

ಕಲಬುರಗಿಯ ಶರಣಬಸವೇಶ್ವರರ ತೇರಿನ ಮಿಣಿಗೆ ಕೈ ಹಚ್ಚಿದ ಯಾರನ್ನೇ ಕೇಳಿದರೂ ತಾನು ಮೈಯ ಬಲವನ್ನೆಲ್ಲ ಹಾಕಿ ಎಳೆದೆನೆಂದೇ ಹೇಳುತ್ತಾನೆ. ಅವನ ಭಕ್ತಿಯನ್ನು ನಾನು ಶಂಕಿಸುವುದಿಲ್ಲ, ಬಲದ ಲೆಕ್ಕವನ್ನು ಮಾತ್ರ ಶಂಕಿಸುತ್ತೇನೆ. ಒಂದೇ ಹಗ್ಗಕ್ಕೆ ಕೈಗಳು ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಇಳಿಯುತ್ತದೆ ಎಂಬುದು ನೂರು ವರ್ಷಕ್ಕೂ ಹಿಂದೆಯೇ ಅಳೆದು ತೋರಿಸಿದ ಸಂಗತಿ. ಕಚೇರಿಯಲ್ಲಿ ಒಂದು ತಂಡ ಏಕೆ ಮೇಲೇಳುತ್ತದೆ, ಇನ್ನೊಂದು ಏಕೆ ಏದುಸಿರು ಬಿಡುತ್ತದೆ ಎಂಬ ಪ್ರಶ್ನೆಯನ್ನು ನಾನು ಆ ಹಗ್ಗದಿಂದಲೇ ಬಿಡಿಸಲು ಬಯಸುತ್ತೇನೆ.

ಅಳೆದವರು ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್. 1880ರ ದಶಕದಲ್ಲಿ ಅವರಿಗಿದ್ದ ಕುತೂಹಲ ಮನಸ್ಸಿನ ಬಗ್ಗೆ ಅಲ್ಲ. ಹೊಲದ ಕೆಲಸಕ್ಕೆ ಎತ್ತು, ಕುದುರೆ, ಮನುಷ್ಯ, ಯಂತ್ರ ಇವುಗಳಿಂದ ಎಷ್ಟೆಷ್ಟು ಬಲ ಸಿಗುತ್ತದೆ ಎಂಬ ಲೆಕ್ಕದ ಬಗ್ಗೆ. 1913ರಲ್ಲಿ ಪ್ರಕಟವಾದ ಅವರ ಅಂಕಿಗಳಲ್ಲಿ ಒಂಟಿಯಾಗಿ ಎಳೆಯುವವನ ಬಲವನ್ನು 100 ಎಂದಿಟ್ಟುಕೊಂಡರೆ, ಇಬ್ಬರಿದ್ದಾಗ ತಲಾ 93, ಮೂವರಿದ್ದಾಗ 85, ಎಂಟು ಜನರಿದ್ದಾಗ ಕೇವಲ 49. ಇಲ್ಲಿ ಓದುಗರು ಒಂದು ಗುಣಾಕಾರ ಮಾಡಿ ನೋಡಬೇಕು. ಏಳು ಜನರಿದ್ದಾಗ ತಲಾ 56, ಅಂದರೆ ಒಟ್ಟು 392; ಎಂಟು ಜನರಿದ್ದಾಗ ತಲಾ 49, ಒಟ್ಟು ಅದೇ 392. ಎಂಟನೆಯವನು ಬಂದನು, ಮಿಣಿ ಹಿಡಿದನು, ಬೆವರನ್ನೂ ಸುರಿಸಿದನು. ಹಗ್ಗಕ್ಕೆ ಮಾತ್ರ ಏನೂ ಸೇರಲಿಲ್ಲ.

ಬಲ ಸೋರುವ ತೂತುಗಳು ಎರಡು. ಮೊದಲನೆಯದು ಹೊಂದಾಣಿಕೆಯದು. ನೊಗಕ್ಕೆ ಹೂಡಿದ ಜೋಡಿಯಲ್ಲಿ ಒಂದು ಎತ್ತು ಅರ್ಧ ಹೆಜ್ಜೆ ಮುಂದಾದರೆ ಸಾಲು ಓರೆಯಾಗುತ್ತದೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಹಾಡಿನ ಲಯ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಹಗ್ಗದಲ್ಲಿಯೂ ಹಾಗೆಯೇ, ಒಬ್ಬನು ಉಸಿರು ತುಂಬಿಕೊಳ್ಳುವಷ್ಟರಲ್ಲಿ ಇನ್ನೊಬ್ಬನು ಎಳೆದು ಮುಗಿಸಿರುತ್ತಾನೆ. ಎರಡನೆಯ ತೂತು ಇರುವುದು ಮನಸ್ಸಿನಲ್ಲಿ, ಮತ್ತು ಅದನ್ನು ಬೇರ್ಪಡಿಸಿ ತೋರಿಸಿದ ಪ್ರಯೋಗದ ಚಾತುರ್ಯಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ. 1974ರಲ್ಲಿ ಅಮೆರಿಕದ ಅಲನ್ ಇಂಗಮ್ ಮತ್ತು ಸಂಗಡಿಗರು ಕಣ್ಣಿಗೆ ಬಟ್ಟೆ ಕಟ್ಟಿದ ವ್ಯಕ್ತಿಯನ್ನು ಹಗ್ಗದ ಮುಂದಿನ ತುದಿಗೆ ನಿಲ್ಲಿಸಿ, ಹಿಂದೆ ನಿಂತವರಿಗೆ ಎಳೆಯುವ ನಟನೆಯನ್ನಷ್ಟೇ ಮಾಡಲು ಹೇಳಿದರು. ಎಳೆಯುತ್ತಿದ್ದವನು ನಿಜದಲ್ಲಿ ಒಬ್ಬನೇ ಆದುದರಿಂದ ಹೊಂದಾಣಿಕೆ ತಪ್ಪುವ ಮಾತೇ ಇರಲಿಲ್ಲ. ಆದರೂ ಹಿಂದೆ ಜನರಿದ್ದಾರೆಂಬ ನಂಬಿಕೆಯೊಂದರಿಂದಲೇ ಅವನ ಎಳೆತ ಇಳಿಯಿತು.

ಇದನ್ನು ಕಂಡು ಮನುಷ್ಯ ಹುಟ್ಟಾ ಮೈಗಳ್ಳನೆಂದು ತೀರ್ಮಾನಿಸುವುದು ಅವಸರ. 1979ರಲ್ಲಿ ಮನೋವಿಜ್ಞಾನಿ ಬಿಬ್ ಲಟಾನೆ ಮತ್ತು ಸಹೋದ್ಯೋಗಿಗಳು ಚಪ್ಪಾಳೆ ಮತ್ತು ಕೂಗಿನಲ್ಲಿಯೂ ಇದೇ ಇಳಿಕೆಯನ್ನು ಕಂಡರು. ಎರಡು ವರ್ಷಗಳ ಬಳಿಕ, ಗುಂಪಿನಲ್ಲಿ ಕೂಗಿದರೂ ಪ್ರತಿಯೊಬ್ಬರ ಧ್ವನಿಯನ್ನು ಬೇರೆಯಾಗಿ ಗುರುತಿಸಬಹುದೆಂದು ತಿಳಿಸಿದಾಗ ಆ ಇಳಿಕೆ ಮಾಯವಾಯಿತು. ಬೀದರಿನ ಬಿದರಿ ಕೆಲಸದಲ್ಲಿ ಇದರ ಜೀವಂತ ರೂಪವಿದೆ. ಎರಕ ಹೊಯ್ಯುವವರು, ಕೆತ್ತುವವರು, ಬೆಳ್ಳಿ ಕೂಡಿಸುವವರು ಬೇರೆಬೇರೆಯಾಗಿದ್ದಲ್ಲಿ ಒಬ್ಬರ ಕೆಲಸ ಮುಂದಿನವರ ಕೈಯಲ್ಲಿ ಪರೀಕ್ಷೆಗೊಳ್ಳುತ್ತದೆ. ಮೈಲುತುತ್ತದ ನೀರಿನಿಂದ ಕಪ್ಪಾಗಿಸಿದ ಮೈಮೇಲೆ ಕೊರೆದ ಗೆರೆಗೆ ಸಾಕಷ್ಟು ಆಳವಿಲ್ಲದಿದ್ದರೆ ಬೆಳ್ಳಿಯ ತಂತಿ ಅದರಲ್ಲಿ ನಿಲ್ಲದು. ಯಾರ ಉಳಿ ಎಲ್ಲಿ ಸೋತಿತೆಂಬುದು ಅಲ್ಲಿ ಮುಚ್ಚಿಡಲಾಗದ ಸಂಗತಿ.

ಆದರೆ ಕೆಲಸ ಕಾಣುವಲ್ಲಿ ತಪ್ಪೂ ಕಾಣುತ್ತದೆ, ತಪ್ಪಿಗೆ ಬೈಗುಳವೇ ಉತ್ತರವಾದಲ್ಲಿ ಜನ ಅದನ್ನು ಅಡಗಿಸಲು ಕಲಿಯುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನ ದಾದಿಯರು ಹೆಚ್ಚು ತಪ್ಪುತ್ತಿದ್ದರೆಂದಲ್ಲ, ಹೆದರದೆ ಹೇಳುತ್ತಿದ್ದರೆಂಬುದು ಅವರು ಕಂಡುಕೊಂಡ ವಿವರಣೆ. ಮಾನಸಿಕ ಸುರಕ್ಷತೆ ಎಂದು ಈಗ ಎಲ್ಲೆಡೆ ಕೇಳಿಬರುವ ಮಾತಿನ ಹಿನ್ನೆಲೆ ಇದು. ಜಾಣರನ್ನೆಲ್ಲ ಒಂದೆಡೆ ಕೂಡಿಸಿದರೆ ತಂಡವೂ ಜಾಣವಾಗುತ್ತದೆಂಬ ನಂಬಿಕೆಗೂ 2010ರಲ್ಲಿ ಪೆಟ್ಟು ಬಿದ್ದಿತು. ಅನಿತಾ ವೂಲಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಗುಂಪುಗಳಾಗಿಸಿ ನೋಡಿದಾಗ, ಗುಂಪಿನ ಸಾಮರ್ಥ್ಯವು ಸದಸ್ಯರ ಸರಾಸರಿ ಬುದ್ಧಿಮತ್ತೆಗಾಗಲಿ ಅತ್ಯಂತ ಜಾಣನ ಬುದ್ಧಿಮತ್ತೆಗಾಗಲಿ ಬಲವಾಗಿ ತಳಕು ಹಾಕಿಕೊಂಡಿರಲಿಲ್ಲ. ಎದುರಿನವರ ಮುಖಭಾವವನ್ನು ಓದಬಲ್ಲವರಿದ್ದ, ಒಬ್ಬಿಬ್ಬರೇ ಮಾತನ್ನು ಕಬಳಿಸದ ಗುಂಪುಗಳು ಮೇಲುಗೈ ಪಡೆದವು.

ನಮ್ಮ ಊರಿನ ಒಂದು ಕಚೇರಿಯಲ್ಲಿ ಕೆಲಸ ಕುಂಟುತ್ತಿದ್ದಾಗ ವಾಸ್ತು ತಜ್ಞರನ್ನು ಕರೆಸಿ ಮುಖ್ಯಸ್ಥರ ಮೇಜನ್ನು ಪೂರ್ವಕ್ಕೆ ತಿರುಗಿಸಲಾಯಿತು. ಆ ಬಳಿಕ ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಮೂರು ತಿಂಗಳಿಂದ ಒಂದು ತಪ್ಪೂ ವರದಿಯಾಗಿಲ್ಲವೆಂದು ಮುಖ್ಯಸ್ಥರು ಖಾಲಿ ವಹಿಯನ್ನು ಬಿಡಿಸಿ ಹೆಮ್ಮೆಯಿಂದ ತೋರಿಸಿದರು. ಪಕ್ಕದಲ್ಲಿ ನಿಂತಿದ್ದ ಗುಮಾಸ್ತರು ನೆಲ ನೋಡುತ್ತಿದ್ದರು.